ಬೊಲೆರೋ ಪಿಕಪ್ಪಿನ ಆಯಿಲ್ ಚೇಂಬರ್: ವೆಲ್ಡಿಂಗ್ ಸಾಕೇ, ಬದಲಿಸಬೇಕೇ?

ಪ್ರಶ್ನೆ: ನನ್ನದು 2008ರ ಬೊಲೆರೋ ಪಿಕಪ್, 2523 ಸಿಸಿ ಡಿಐ ಟರ್ಬೊ ಎಂಜಿನ್. ಕೊಪ್ಪದ ಆಸುಪಾಸಿನ ತೋಟದ ರಸ್ತೆಗಳಲ್ಲೇ ಹೆಚ್ಚು ಓಡಾಟ. ಕಳೆದ ಮಳೆಗಾಲದಲ್ಲಿ ಕಲ್ಲು ಬಡಿದು ಎಂಜಿನ್ ಆಯಿಲ್ ಚೇಂಬರಿನ (ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಗಡಿನ ತೊಟ್ಟಿ) ತಳ ಒಳಕ್ಕೆ ನೆಗ್ಗಿ, ಸಣ್ಣದಾಗಿ ಸೀಳಿತು. ಎಂ-ಸೀಲ್ ಹಚ್ಚಿಸಿದ್ದೆ. ಈಗ ರಾತ್ರಿ ನಿಲ್ಲಿಸಿದ ಕಡೆ ಬೆಳಿಗ್ಗೆ ಅಂಗೈಯಗಲ ಆಯಿಲ್ ಬಿದ್ದಿರುತ್ತದೆ. ಡ್ರೈನ್ ಬೋಲ್ಟಿನ ತ್ರೆಡ್ಡೂ ಸವೆದಿದೆ. ಒಬ್ಬ ಮೆಕ್ಯಾನಿಕ್ ಗಾಡಿಯಲ್ಲಿದ್ದ ಹಾಗೇ ವೆಲ್ಡ್ ಹೊಡೆಯೋಣ ಎನ್ನುತ್ತಾರೆ. ಇನ್ನೊಬ್ಬರು ಚೇಂಬರ್ ಬದಲಿಸಬೇಕು, ಅದಕ್ಕೆ ಎಂಜಿನ್ ಇಳಿಸಲೇಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ? ಹೊಸದು ಹಾಕಿದ ಮೇಲೂ ಕೆಲವರ ಗಾಡಿ ಸೋರುತ್ತದಲ್ಲ, ಯಾಕೆ?

ಉತ್ತರ: ಚೇಂಬರ್ ಬದಲಿಸಿ. ಆದರೆ ಸೋರುತ್ತಿದೆ ಎಂಬ ಕಾರಣಕ್ಕಲ್ಲ, ತಳ ನೆಗ್ಗಿದೆ ಎಂಬ ಕಾರಣಕ್ಕೆ. ಸೋರಿಕೆ ಕಣ್ಣಿಗೆ ಕಾಣುತ್ತದೆ, ಕಡಿಮೆಯಾದಷ್ಟು ತುಂಬಿ ನಾಲ್ಕು ತಿಂಗಳು ದೂಡಬಹುದು. ನೆಗ್ಗಿದ ತಳ ಮಾಡುವ ಹಾನಿ ಕಾಣುವುದಿಲ್ಲ.

ಚೇಂಬರಿನ ಒಳಗೆ, ತಳದಿಂದ ಸ್ವಲ್ಪವೇ ಮೇಲೆ, ಆಯಿಲ್ ಪಂಪಿನ ಸ್ಟ್ರೈನರ್, ಅಂದರೆ ಪಂಪ್ ಆಯಿಲ್ ಹೀರುವ ಜಾಲರಿ, ಬಾಯಿ ಕೆಳಗೆ ಮಾಡಿ ಕುಳಿತಿರುತ್ತದೆ. ಎಂಜಿನ್ ಕಟ್ಟುವವರು ಸಾಮಾನ್ಯವಾಗಿ ಆ ಬಾಯಿಗೂ ತಳಕ್ಕೂ ನಡುವೆ 6ರಿಂದ 10 ಮಿಲಿಮೀಟರ್ ಅಂತರ ಇಟ್ಟುಕೊಳ್ಳುತ್ತಾರೆ. ಕಲ್ಲು ಬಡಿದು ತಳ 5 ಮಿಲಿಮೀಟರ್ ಮೇಲೆದ್ದರೂ ಪಂಪಿನ ಉಸಿರು ಅರ್ಧ ಕಟ್ಟಿದಂತೆಯೇ. ಐಡ್ಲಿಂಗ್‌ನಲ್ಲಿ ಪಂಪ್ ಎಳೆಯುವುದು ಸ್ವಲ್ಪವೇ ಆದ್ದರಿಂದ ಎಲ್ಲ ಸರಿಯಿರುವಂತೆ ಕಾಣುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ, ಅದರಲ್ಲೂ ಚಳಿಗಾಲದ ಬೆಳಿಗ್ಗೆ ಆಯಿಲ್ ಇನ್ನೂ ಮಂದವಿರುವಾಗ, ಕ್ರ್ಯಾಂಕ್ ಬೇರಿಂಗ್‌ಗಳಿಗೂ ಟರ್ಬೊಗೂ ಬೇಕಾದಷ್ಟು ಆಯಿಲ್ ಏರುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಚ್ಚರಿಸುತ್ತದೆ ಎಂದುಕೊಳ್ಳಬೇಡಿ. ಅದರ ಸ್ವಿಚ್ ಒತ್ತಡ ಸುಮಾರು ಅರ್ಧ ಬಾರ್‌ಗಿಂತ ಕೆಳಗಿಳಿದಾಗ ಮಾತ್ರ ಕೆಲಸ ಮಾಡುವಂಥದ್ದು. ಮೂರು ಬಾರ್ ಇರಬೇಕಾದ ಕಡೆ ಒಂದೇ ಬಾರ್ ಇದ್ದರೂ ದೀಪ ಆರಿಯೇ ಇರುತ್ತದೆ.

ಇನ್ನು ಇಬ್ಬರು ಮೆಕ್ಯಾನಿಕ್‌ಗಳ ಮಾತು. ಗಾಡಿಯಲ್ಲಿದ್ದ ಹಾಗೇ ವೆಲ್ಡ್ ಮಾಡಿಸುವುದು ಬೇಡ. ಸೀಳಿನೊಳಗೆ ಆಯಿಲ್ ಕೂತಿರುತ್ತದೆ. ಎಷ್ಟು ಒರೆಸಿದರೂ ಬಿಸಿಗೆ ಒಳಗಿನಿಂದ ಜಿನುಗಿ ಬಂದು ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳನ್ನು ಬಿಡುತ್ತದೆ. ಚೇಂಬರಿನೊಳಗೆ ಆಯಿಲ್ ಆವಿ ತುಂಬಿರುವುದರಿಂದ ಬೆಂಕಿಯ ಅಪಾಯ ಬೇರೆ. ಅರ್ತ್ ಕ್ಲಾಂಪನ್ನು ಯಾವುದೋ ದೂರದ ಜಾಗಕ್ಕೆ ಕಚ್ಚಿಸಿದರೆ ವೆಲ್ಡಿಂಗ್ ಕರೆಂಟ್ ಬೇರಿಂಗ್‌ಗಳ ಮೂಲಕವೂ ಹಾಯಬಹುದು. ಇಷ್ಟೆಲ್ಲ ಮಾಡಿದ ಮೇಲೂ ನೆಗ್ಗು ನೆಗ್ಗಾಗಿಯೇ ಉಳಿಯುತ್ತದೆ. ಹೊಸ ಚೇಂಬರ್ ಸಿಗುವುದು ತಡವಾದರೆ, ಹಳೆಯದನ್ನು ಬಿಚ್ಚಿ ತಂದು, ಬಿಸಿನೀರು ಸೋಪಿನಲ್ಲಿ ತೊಳೆದು, ನೆಗ್ಗು ಎತ್ತಿಸಿ, ಹೊರಗಿಟ್ಟು ವೆಲ್ಡ್ ಮಾಡಿಸಿದರೆ ಅದು ಬೇರೆ ಮಾತು. ಒಳ್ಳೆಯ ಗ್ಯಾಸ್ ವೆಲ್ಡರ್ ಕೈಯಲ್ಲಿ ಅಂಥ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ. ಎಂ-ಸೀಲ್ ಬಗ್ಗೆ ಹೇಳುವುದಾದರೆ, ಊರು ಮುಟ್ಟಿಸಲು ಅದು ಸರಿ. 100 ಡಿಗ್ರಿ ಆಸುಪಾಸಿನ ಆಯಿಲ್, ಡೀಸೆಲ್ ಎಂಜಿನ್ನಿನ ನಡುಕ, ತೆಳು ತಗಡು ಇವುಗಳ ನಡುವೆ ಅದು ತಿಂಗಳುಗಟ್ಟಲೆ ಹಿಡಿದುಕೊಂಡಿದ್ದೇ ಹೆಚ್ಚು.

ಎರಡನೆಯವರು ಬದಲಿಸಬೇಕು ಎಂದಿದ್ದು ಸರಿ, ಎಂಜಿನ್ ಇಳಿಸಲೇಬೇಕು ಎಂದಿದ್ದು ಹಾಗೇನಲ್ಲ. ಚೇಂಬರಿನ ಕೆಳಗೆ ಅಡ್ಡ ಬರುವುದು ಮುಂದಿನ ಆಕ್ಸಲ್, ಸ್ಟೀರಿಂಗ್ ರಾಡ್‌ಗಳು ಮತ್ತು ಚಾಸಿಯ ಅಡ್ಡತೊಲೆಯಾದ ಕ್ರಾಸ್ ಮೆಂಬರ್. ಚಾಸಿಯನ್ನು ಎತ್ತಿ ಆಕ್ಸಲನ್ನು ಕೆಳಗೆ ಜೋತುಬಿಟ್ಟು, ಎಂಜಿನ್ ಫೌಂಡೇಶನ್ (ಎಂಜಿನ್ ಕೂರುವ ರಬ್ಬರ್ ಆಧಾರ) ನಟ್ ಸಡಿಲಿಸಿ, ಎಂಜಿನ್ನನ್ನು ಕೂತಲ್ಲೇ 40ರಿಂದ 60 ಮಿಲಿಮೀಟರ್ ಮೇಲೆತ್ತಿದರೆ ಸಾಮಾನ್ಯವಾಗಿ ಜಾಗ ಆಗುತ್ತದೆ. ಕ್ರಾಸ್ ಮೆಂಬರ್ ಕೊಯ್ದು ಮತ್ತೆ ವೆಲ್ಡ್ ಮಾಡುತ್ತೇವೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ.

ಬಿಚ್ಚುವ ಮೊದಲು

ಹೊಸ ಚೇಂಬರ್ ಹಾಕಿದರೂ ಸೋರುವ ಗಾಡಿಗಳಲ್ಲಿ ಒಂದು ಪಾಲು, ಚೇಂಬರಿನಿಂದ ಸೋರುತ್ತಲೇ ಇರಲಿಲ್ಲ. ಮೇಲಿನಿಂದ ಇಳಿದ ಆಯಿಲ್ ಕೊನೆಗೆ ತೊಟ್ಟಿಕ್ಕುವುದು ಚೇಂಬರಿನ ತಳದಿಂದಲೇ. ನಿಮ್ಮದರಲ್ಲಿ ಸೀಳು ಗೊತ್ತಿರುವಂಥದ್ದೇ, ಆದರೂ ಬೇರೆ ಕಡೆಯಿಂದ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎಂಜಿನ್ನನ್ನು ಹೊರಗಿನಿಂದ ಚೆನ್ನಾಗಿ ತೊಳೆದು ಒಣಗಿಸಿ, ಜೋಡಣೆಗಳ ಸುತ್ತ ಟಾಲ್ಕಂ ಪೌಡರ್ ಉದುರಿಸಿ, ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವೇ ಮೂಲ. ಟ್ಯಾಪೆಟ್ ಕವರ್ ಪ್ಯಾಕಿಂಗ್ (ಗ್ಯಾಸ್ಕೆಟ್), ಟರ್ಬೊದಿಂದ ಚೇಂಬರ್ ಕಡೆಗೆ ಆಯಿಲ್ ವಾಪಸ್ ಇಳಿಸುವ ಪೈಪು, ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್, ಪ್ರೆಷರ್ ಸ್ವಿಚ್, ಡಿಪ್‌ಸ್ಟಿಕ್ ಪೈಪಿನ ಬುಡ ಇವೆಲ್ಲ ಸಾಮಾನ್ಯ ಕಳ್ಳರು. ಗೇರ್‌ಬಾಕ್ಸ್ ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಕವಚ) ತಳದ ತೂತಿನಿಂದ ಎಂಜಿನ್ ಆಯಿಲ್ ಬರುತ್ತಿದ್ದರೆ ಅದು ಕ್ರ್ಯಾಂಕಿನ ಹಿಂದಿನ ಸೀಲ್. ಹಾಗಿದ್ದಲ್ಲಿ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ಚಿನ ಕೆಲಸವನ್ನೂ ಚೇಂಬರನ್ನೂ ಜೊತೆಗೇ ಮುಗಿಸುವುದು ಜಾಣತನ.

ಎಂಜಿನ್ನಿನ ಒಳಗಿನ ಗ್ಯಾಸನ್ನು ಹೊರಬಿಡುವ ಬ್ರೀದರ್ ಪೈಪನ್ನು ಮರೆಯಬೇಡಿ. ಹದಿನೈದು ವರ್ಷ ದಾಟಿದ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಸವೆದು ಉರಿದ ಗ್ಯಾಸ್ ಕೆಳಗಿಳಿಯುತ್ತದೆ. ಬ್ರೀದರ್ ಜಿಡ್ಡು ಕಟ್ಟಿ ಮುಚ್ಚಿದ್ದರೆ ಆ ಗ್ಯಾಸ್ ಆಯಿಲನ್ನು ಸೀಲ್, ಪ್ಯಾಕಿಂಗ್‌ಗಳ ಮೂಲಕ ಹೊರಗೆ ನೂಕುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಫಿಲ್ಲರ್ ಮುಚ್ಚಳವನ್ನು ತಿರುಗಿಸಿ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದರೆ ಚಿಂತೆಯಿಲ್ಲ, ಎಗರಿ ಬಿದ್ದರೆ ಮೊದಲು ಬ್ರೀದರ್ ಬಿಚ್ಚಿ ತೊಳೆಯಿರಿ. ತೊಳೆದ ಮೇಲೂ ಎಗರಿದರೆ ರಿಂಗ್‌ಗಳು ಸವೆದಿವೆ. ಆ ಎಂಜಿನ್ನಿಗೆ ಯಾವ ಪ್ಯಾಕಿಂಗೂ ಬಹಳ ದಿನ ಬಾಳದು.

ಚೇಂಬರ್ ಕೊಳ್ಳುವಾಗ

ಮಾಡೆಲ್ ಹೆಸರು ಹೇಳಿ ಕೊಳ್ಳಬೇಡಿ. ಬೊಲೆರೋ, ಕ್ಯಾಂಪರ್, ಪಿಕಪ್, ಮ್ಯಾಕ್ಸಿ ಟ್ರಕ್ ಎಂದು ಹೆಸರು ಹಲವು, ಎಂಜಿನ್ನೂ ವರ್ಷ ವರ್ಷಕ್ಕೆ ಬದಲಾಗಿದೆ. ಡಿಐ ಎಂಜಿನ್ನಿಗೂ ಆಮೇಲೆ ಬಂದ ಕಾಮನ್ ರೈಲ್ ಎಂ2ಡಿಐಸಿಆರ್‌ಗೂ ಸಿಸಿ ಒಂದೇ, 2523. ಸಿಸಿ ಒಂದೇ ಎಂದ ಮಾತ್ರಕ್ಕೆ ಚೇಂಬರ್ ಒಂದೇ ಎಂದಲ್ಲ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒರಿಜಿನಲ್ಲೂ ಸಿಗುತ್ತದೆ, ದೆಹಲಿ ಕಡೆಯ ಡೂಪ್ಲಿಕೇಟೂ ಸಿಗುತ್ತದೆ. ಡೂಪ್ಲಿಕೇಟ್ ಎಂದಾಕ್ಷಣ ಕೆಟ್ಟದ್ದೇನಲ್ಲ. ಆದರೆ ಅಂಗಡಿಯಲ್ಲೇ ಕೆಲವು ಪರೀಕ್ಷೆ ಮಾಡದೆ ತರಬೇಡಿ.

ಕೌಂಟರಿನ ಗಾಜಿನ ಮೇಲೆ ಚೇಂಬರನ್ನು ಬೋರಲು ಹಾಕಿ. ಫ್ಲ್ಯಾಂಜ್ (ಬೋಲ್ಟ್ ತೂತುಗಳಿರುವ ಅಂಚು) ಸುತ್ತ ಎಲ್ಲೂ ಬೆಳಕು ಕಾಣಬಾರದು. ಮೂಲೆ ಒತ್ತಿದರೆ ಆಡಬಾರದು. ಹಳೆಯದನ್ನು ಬಿಚ್ಚಿದ ಮೇಲೆ ಕೊಳ್ಳುವುದಾದರೆ ಜೊತೆಗೆ ಒಯ್ದು ನೆಗ್ಗಿಲ್ಲದ ಭಾಗದಲ್ಲಿ ಆಳ ಅಳೆದು ಹೋಲಿಸಿ. ಸ್ಟ್ರೈನರಿನ ಅಂತರ ನಿಂತಿರುವುದೇ ಈ ಆಳದ ಮೇಲೆ. ಒಳಗಿನ ತಡೆಹಲಗೆ, ಅಂದರೆ ಏರಿನಲ್ಲಿ ಆಯಿಲ್ ಒಂದೇ ಕಡೆ ಓಡದಂತೆ ಹಿಡಿಯುವ ಬ್ಯಾಫಲ್ ಪ್ಲೇಟು, ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಲೇಬೇಕು. ಅಗ್ಗದ ಮಾಲಿನಲ್ಲಿ ಮೊದಲು ಕೈಬಿಡುವುದೇ ಇದನ್ನು. ಡ್ರೈನ್ ಬೋಲ್ಟ್ ಕೈಯಲ್ಲೇ ಪೂರ್ತಿ ಒಳಗೆ ಹೋಗಬೇಕು. ಒಳಮೈಗೆ ಪೇಂಟ್ ಬಳಿದಿದ್ದರೆ ಉಗುರಿನಿಂದ ಕೆರೆದು ನೋಡಿ, ಚಕ್ಕೆ ಏಳುವಂತಿದ್ದರೆ ಬೇಡ. ಆ ಚಕ್ಕೆಗಳು ನೇರ ಸ್ಟ್ರೈನರಿಗೆ ಹೋಗುತ್ತವೆ. ಮನೆಗೆ ತಂದ ಮೇಲೆ ಒಳಗೆ ಎರಡು ಇಂಚು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ, ರಾತ್ರಿಯಿಡೀ ಹಳೆ ಪತ್ರಿಕೆಯ ಮೇಲಿಡಿ. ಕಾಗದ ಒಣಗಿಯೇ ಇದ್ದರೆ ವೆಲ್ಡಿಂಗ್ ಜಾಗಗಳೆಲ್ಲ ಗಟ್ಟಿ ಎಂದರ್ಥ.

ಜೊತೆಗೆ ಬೇಕಾದವು: ಪ್ಯಾಕಿಂಗ್ ಅಥವಾ ಆರ್‌ಟಿವಿ ಸಿಲಿಕೋನ್ (ಟ್ಯೂಬಿನಿಂದ ಹಚ್ಚಿ ಗಾಳಿಗೆ ಗಟ್ಟಿಯಾಗುವ ಸೀಲ್ ಅಂಟು), ಡ್ರೈನ್ ಬೋಲ್ಟಿಗೆ ಹೊಸ ತಾಮ್ರದ ವಾಷರ್, ಸ್ಟ್ರೈನರ್ ಪೈಪಿನ ಓ-ರಿಂಗ್ ಅಥವಾ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಎರಡು ಕ್ಯಾನ್ ಬ್ರೇಕ್ ಕ್ಲೀನರ್, 15ಡಬ್ಲ್ಯೂ-40 ಸಿಐ-4 ದರ್ಜೆಯ ಆಯಿಲ್ 5 ಲೀಟರಿನದು ಒಂದು, 1 ಲೀಟರಿನದು ಎರಡು. ಸಾಧ್ಯವಾದರೆ 5ರಿಂದ 25 ನ್ಯೂಟನ್ ಮೀಟರ್ ಅಳೆಯುವ ಸಣ್ಣ ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತೆಂದು ತಿಳಿಸುವ ಸ್ಪ್ಯಾನರ್). ಚಕ್ರದ ನಟ್ ಬಿಗಿಯುವ ದೊಡ್ಡ ರೆಂಚ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬಿಚ್ಚುವುದು

ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಮಳೆಗಾಲದ ಅಂಗಳದ ಮಣ್ಣಿನ ಮೇಲೆ ಈ ಕೆಲಸ ಹಚ್ಚಬೇಡಿ, ಜಾಕಿ ನಿಧಾನವಾಗಿ ಹೂತುಹೋಗುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಚಾಸಿಯನ್ನು ಎತ್ತಿ, ಮುಂದಿನ ಎರಡೂ ಬದಿ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್ ಚಾಸಿಗೆ ಆಧಾರವಾಗಬೇಕು, ಆಕ್ಸಲಿಗಲ್ಲ. ಆಕ್ಸಲ್ ಜೋತುಬಿದ್ದಷ್ಟೂ ನಿಮಗೆ ಜಾಗ. ಸಿಮೆಂಟ್ ಇಟ್ಟಿಗೆ ಪೇರಿಸಿ ಅದರ ಕೆಳಗೆ ಮಲಗುವವರಿದ್ದಾರೆ. ಟೊಳ್ಳು ಇಟ್ಟಿಗೆ ಎಚ್ಚರಿಕೆ ಕೊಡದೆ ಪುಡಿಯಾಗುತ್ತದೆ.

ಎಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿ, ಆಮೇಲೆ ತಣ್ಣಗಾಗಲು ಬಿಡಿ. ಬ್ಯಾಟರಿಯ ನೆಗೆಟಿವ್ ಕಳಚಿ, ಸ್ಟಾರ್ಟರ್ ಮೋಟರಿನ ದಪ್ಪ ಕೇಬಲ್ ಪಕ್ಕದಲ್ಲೇ ಇರುತ್ತದೆ. ಡಿಪ್‌ಸ್ಟಿಕ್ ಹೊರಗೆಳೆದಿಡಿ. ಎಂಜಿನ್ ಎತ್ತುವಾಗ ರೇಡಿಯೇಟರ್ ಫ್ಯಾನಿನ ಎಲೆಗಳು ಅದರ ಸುತ್ತಲಿನ ಕವಚವಾದ ಕೌಲಿಗೆ ತಗುಲಿ ಮುರಿಯುತ್ತವೆ, ಆದ್ದರಿಂದ ಕೌಲ್ ಮೊದಲೇ ಬಿಚ್ಚಿ. ಸೈಲೆನ್ಸರಿನ ಮುಂದಿನ ಪೈಪಿನ ನಟ್ ಸಡಿಲಿಸಿ. ರೇಡಿಯೇಟರ್ ಹೋಸ್, ಡೀಸೆಲ್ ಪೈಪ್, ಆಕ್ಸಿಲರೇಟರ್ ಮತ್ತು ಕ್ಲಚ್ ಜೋಡಣೆ ಎಲ್ಲಕ್ಕೂ ಎರಡೂವರೆ ಇಂಚು ಏರುವಷ್ಟು ಸಡಿಲ ಇದೆಯೇ ನೋಡಿ, ಇಲ್ಲದ್ದನ್ನು ಕಳಚಿ. ಫೌಂಡೇಶನ್ ನಟ್ ಬಿಚ್ಚಿದ ಮೇಲೆ ಎಂಜಿನ್ನನ್ನು ಮೇಲಿನ ಕೊಕ್ಕೆಗಳಿಗೆ ಚೈನ್ ಪುಲ್ಲಿ ಹಾಕಿ ಎತ್ತುವುದೇ ಉತ್ತಮ. ಕೆಳಗಿನಿಂದ ಎತ್ತುವುದೇ ಆದರೆ ಬೆಲ್ ಹೌಸಿಂಗಿನ ಕೆಳಗೆ ಮರದ ತುಂಡಿಟ್ಟು ಎತ್ತಿ. ಕ್ರ್ಯಾಂಕ್ ಪುಲ್ಲಿಯ ಕೆಳಗೆ ಜಾಕಿ ಕೊಡುವ ಅಭ್ಯಾಸ ಕೆಟ್ಟದ್ದು. ಎತ್ತಿದ ಮೇಲೆ ಫೌಂಡೇಶನ್ ಮತ್ತು ಬ್ರ್ಯಾಕೆಟ್ ನಡುವೆ ಗಟ್ಟಿ ಮರದ ತುಂಡು ಸಿಕ್ಕಿಸಿ. ಚೈನ್ ಜಾರಿದರೂ ಎಂಜಿನ್ ಕೈ ಮೇಲೆ ಕೂರಬಾರದು. ಹೇಗೂ ಬಿಚ್ಚಿದ್ದೀರಿ, ಫೌಂಡೇಶನ್ ರಬ್ಬರ್ ಬಿರುಕು ಬಿಟ್ಟಿದ್ದರೆ ಈಗಲೇ ಬದಲಿಸಿ.

ಚೇಂಬರ್ ಬೋಲ್ಟ್‌ಗಳ ಪೈಕಿ ಹಿಂದಿನ ಎರಡು ಮೂರು, ಫ್ಲೈವೀಲಿನ ತಗಡಿನ ಮರೆಯಲ್ಲಿ ಇರಬಹುದು. ಎಲ್ಲ ಬಿಚ್ಚಿದೆ, ಚೇಂಬರ್ ಬರುತ್ತಿಲ್ಲ ಎಂದು ಸ್ಕ್ರೂಡ್ರೈವರ್ ತುರುಕುವ ಮೊದಲು ಆ ಮೂಲೆಗೆ ಕನ್ನಡಿ ಹಿಡಿದು ನೋಡಿ. ಸ್ಕ್ರೂಡ್ರೈವರ್ ತುರುಕಿದ ಕಡೆ ಬ್ಲಾಕಿನ ಮೈಯಲ್ಲಿ ಗೀರು ಬಿದ್ದು, ಹೊಸ ಪ್ಯಾಕಿಂಗ್ ಅಲ್ಲೇ ಸೋರುತ್ತದೆ. ಪೇಂಟರ್‌ಗಳ ತೆಳು ಪುಟ್ಟಿ ಬ್ಲೇಡನ್ನು ಒಂದು ಮೂಲೆಯಿಂದ ಮೆಲ್ಲಗೆ ಬಡಿಯುತ್ತ ಸಿಲಿಕೋನ್ ಕೊಯ್ದುಕೊಂಡು ಬನ್ನಿ, ಕೊನೆಗೆ ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಒಂದು ಪೆಟ್ಟು.

ಚೇಂಬರ್ ಎರಡು ಇಂಚು ಇಳಿದು ಸಿಕ್ಕಿಕೊಂಡಿತೇ? ಕ್ರ್ಯಾಂಕಿನ ತೂಕದ ಭಾಗವೋ ಸ್ಟ್ರೈನರೋ ತಡೆಹಲಗೆಗೆ ಅಡ್ಡ ಬಂದಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಅಂದರೆ ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ, ಕಾಲು ಸುತ್ತು ತಿರುಗಿಸಿ ನೋಡಿ. ಹೆಚ್ಚಿನ ಸಲ ಅಷ್ಟಕ್ಕೇ ಬಿಡುಗಡೆ.

ಒಳಗೆ ಕಣ್ಣಾಡಿಸಿ

ಹಳೆಯ ಚೇಂಬರಿನ ತಳದ ಗಸಿಯನ್ನು ಚೆಲ್ಲುವ ಮೊದಲು ಬಿಳಿ ಬಟ್ಟೆಯ ಮೇಲೆ ಸುರಿದು ಮ್ಯಾಗ್ನೆಟ್ ಆಡಿಸಿ. ಮ್ಯಾಗ್ನೆಟ್ಟಿಗೆ ಅಂಟುವ ಕಪ್ಪು ಪುಡಿ ಚಿಟಿಕೆಯಷ್ಟು ಇದ್ದರೆ ಹಳೆ ಎಂಜಿನ್ನಿಗೆ ಸಹಜ. ಅಂಟದ, ತಾಮ್ರದ ಬಣ್ಣದ ಅಥವಾ ಬೆಳ್ಳಗೆ ಹೊಳೆಯುವ ಚೂರುಗಳು ಸಿಕ್ಕರೆ ಬೇರಿಂಗ್ ಮೆಟಲ್ ಎದ್ದಿದೆ. ಆಗ ಬೇರಿಂಗ್ ಕ್ಯಾಪ್ ಒಂದೆರಡನ್ನು ಬಿಚ್ಚಿ ನೋಡದೆ ಚೇಂಬರ್ ಮುಚ್ಚಬಾರದು, ಹೇಗೂ ಕೆಳಗಿನಿಂದ ದಾರಿ ತೆರೆದಿದೆ. ನಿಮ್ಮ ಗಾಡಿ ಒಂದು ಮಳೆಗಾಲದಿಂದ ನೆಗ್ಗಿದ ಚೇಂಬರಿನಲ್ಲೇ ಓಡಿದೆ, ಈ ಪರೀಕ್ಷೆ ಬಿಡಲೇಬೇಡಿ.

ಸ್ಟ್ರೈನರಿನ ಜಾಲರಿಯಲ್ಲಿ ಹುಳುವಿನಂತೆ ಸುತ್ತಿಕೊಂಡ ಸಿಲಿಕೋನ್ ಎಳೆಗಳು ಕಾಣಿಸಿದರೆ ಆಶ್ಚರ್ಯಪಡಬೇಡಿ, ಹಿಂದೆ ಯಾರೋ ಧಾರಾಳವಾಗಿ ಬಳಿದಿದ್ದಾರೆ. ಸ್ಟ್ರೈನರ್ ಬಿಚ್ಚಿ ತೊಳೆದು, ಪೈಪಿನ ಬೆಸುಗೆ ಮತ್ತು ಬ್ರ್ಯಾಕೆಟ್ ಬಿರುಕು ಬಿಟ್ಟಿದೆಯೇ ನೋಡಿ. ಕಲ್ಲಿನ ಏಟು ತಳದ ಮೂಲಕ ಸ್ಟ್ರೈನರಿಗೂ ತಾಗಿರಬಹುದು. ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ. ಹಳೆ ಓ-ರಿಂಗ್ ಗಟ್ಟಿಯಾಗಿರುತ್ತದೆ, ಹೊಸದಕ್ಕೆ ಆಯಿಲ್ ಸವರಿ ಕೂರಿಸಿ.

ಈಗ ಅಂತರ ಅಳೆಯಿರಿ. ಮಕ್ಕಳಾಟದ ಕ್ಲೇ ಉಂಡೆಯನ್ನು ಹೊಸ ಚೇಂಬರಿನ ತಳದಲ್ಲಿ, ಸ್ಟ್ರೈನರ್ ಕೂರುವ ಜಾಗಕ್ಕೆ ಅಂಟಿಸಿ, ಪ್ಯಾಕಿಂಗ್ ಇಲ್ಲದೆ ಚೇಂಬರನ್ನು ಕೈಯಲ್ಲಿ ಒತ್ತಿಹಿಡಿದು ಇಳಿಸಿ. ಒತ್ತಿದ ಕ್ಲೇಯ ದಪ್ಪವೇ ನಿಮ್ಮ ಅಂತರ, ಪ್ಯಾಕಿಂಗ್ ಹಾಕುವುದಾದರೆ ಅದರ ದಪ್ಪ ಸೇರಿಸಿ. 6 ಮಿಲಿಮೀಟರಿಗಿಂತ ಕಡಿಮೆ ಬಂದರೆ ಚೇಂಬರ್ ತಪ್ಪಾಗಿದೆ ಅಥವಾ ಸ್ಟ್ರೈನರ್ ಬಾಗಿದೆ. ಕ್ಲೇ ಪೂರ್ತಿ ಒರೆಸಿ ತೆಗೆಯುವುದು ಮರೆತೀರಿ.

ಸೀಲ್ ಮಾಡುವುದು: ಕೆಲಸ ಕೆಡುವುದು ಇಲ್ಲೇ

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಈ ಹಂತದಲ್ಲಿದೆ. ಹೊಸ ಚೇಂಬರ್ ಸೋರುವುದು ಬಹುಪಾಲು ಅವಸರದಿಂದ. ಬ್ಲಾಕಿನ ಒಳಗೋಡೆಗಳಿಂದ ಆಯಿಲ್ ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಬಿಚ್ಚಿ ಮಧ್ಯಾಹ್ನ ಕೂರಿಸಿದರೆ ಒರೆಸಿದ ಜಾಗಕ್ಕೆ ಮತ್ತೆ ಆಯಿಲ್ ಹರಿದು, ಸಿಲಿಕೋನ್ ಲೋಹಕ್ಕೆ ಅಂಟುವ ಬದಲು ಆಯಿಲ್ ಪದರಕ್ಕೆ ಅಂಟುತ್ತದೆ. ಚೇಂಬರ್ ಬಿಚ್ಚಿ ಒಂದು ರಾತ್ರಿ ಹಾಗೇ ಬಿಡಿ, ಕೆಳಗೆ ಟ್ರೇ ಇಟ್ಟು.

ಹಳೆ ಪ್ಯಾಕಿಂಗನ್ನು ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಸ್ಕ್ರೇಪರಿನಿಂದ ಕೆರೆಯಿರಿ. ಉಪ್ಪುಕಾಗದ ಬೇಡ, ಗ್ರೈಂಡರಿಗೆ ಹಾಕುವ ಉಜ್ಜುವ ಡಿಸ್ಕಂತೂ ಬೇಡವೇ ಬೇಡ. ಅವುಗಳಿಂದ ಉದುರುವ ಹರಳುಪುಡಿ ಕ್ರ್ಯಾಂಕಿನ ಕಡೆ ಸಿಡಿದರೆ ಆಯಿಲಿನಲ್ಲಿ ಸೇರಿ ಬೇರಿಂಗ್ ಕೊರೆಯುತ್ತದೆ. ಕೊನೆಯಲ್ಲಿ ಬ್ರೇಕ್ ಕ್ಲೀನರ್ ಹಾಕಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕಲೆ ಹತ್ತದವರೆಗೂ ಒರೆಸಿ. ಡೀಸೆಲ್ ಬಟ್ಟೆಯಲ್ಲಿ ಮುಗಿಸಬೇಡಿ, ಅದು ತನ್ನದೇ ಜಿಡ್ಡು ಬಿಡುತ್ತದೆ. ಹಳೆ ಚೇಂಬರನ್ನೇ ಮತ್ತೆ ಹಾಕುವುದಾದರೆ ಬೋಲ್ಟ್ ತೂತುಗಳ ಸುತ್ತ ತಗಡು ಗುಳಿಬಿದ್ದು ಎದುರುಬದಿಗೆ ಉಬ್ಬಿರುತ್ತದೆ. ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ಸಮ ಮಾಡಿ.

ಕಾರ್ಕ್ ಪ್ಯಾಕಿಂಗೋ ಸಿಲಿಕೋನೋ? ಎಂಜಿನ್ನಿಗೆ ಪ್ಯಾಕಿಂಗ್ ಬಂದಿದ್ದರೆ ಪ್ಯಾಕಿಂಗ್, ಬರೀ ಸಿಲಿಕೋನಿನಲ್ಲಿ ಬಂದಿದ್ದರೆ ಸಿಲಿಕೋನ್. ಎರಡನ್ನೂ ಒಟ್ಟಿಗೆ ಬಳಿಯುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಹಸಿ ಸಿಲಿಕೋನ್ ಮೇಲೆ ಕಾರ್ಕ್ ಜಾರುತ್ತದೆ, ಬೋಲ್ಟ್ ಬಿಗಿದಂತೆ ಪಕ್ಕಕ್ಕೆ ಹೊರಬರುತ್ತದೆ. ಪ್ಯಾಕಿಂಗ್ ಹಾಕಿದಾಗ ಸಿಲಿಕೋನ್ ಬೇಕಾಗುವುದು ನಾಲ್ಕೇ ಜಾಗದಲ್ಲಿ: ಮುಂದೆ ಟೈಮಿಂಗ್ ಕವರ್ ಬ್ಲಾಕನ್ನು ಸೇರುವ ಎರಡು ಮೂಲೆ, ಹಿಂದೆ ಸೀಲ್ ಹೌಸಿಂಗ್ ಬ್ಲಾಕನ್ನು ಸೇರುವ ಎರಡು ಮೂಲೆ. ಮೂರು ಭಾಗ ಕೂಡುವ ಆ ಸಂದುಗಳಲ್ಲಿ ಕಡಲೆಕಾಳಿನಷ್ಟು ಸಿಲಿಕೋನ್ ಇಡದಿದ್ದರೆ ಎಂಥ ಪ್ಯಾಕಿಂಗೂ ಜಿನುಗುತ್ತದೆ.

ಬರೀ ಸಿಲಿಕೋನಿನ ಕೆಲಸವಾದರೆ ಅನಾಬಾಂಡ್ 666 ಅಥವಾ ಲಾಕ್‌ಟೈಟಿನ ಗ್ಯಾಸ್ಕೆಟ್ ಸಿಲಿಕೋನಿನಂಥದ್ದು ತನ್ನಿ. ಕಿಟಕಿ, ಬಾತ್‌ರೂಮಿಗೆ ಹಾಕುವ ವಿನೆಗರ್ ವಾಸನೆಯ ಸಿಲಿಕೋನ್ ಬಿಸಿ ಆಯಿಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ ಲೆಕ್ಕವಿದೆ. 3 ಮಿಲಿಮೀಟರ್ ದಪ್ಪದ ಎಳೆ ಒಂದು ಮೀಟರಿಗೆ 7 ಮಿಲಿಲೀಟರ್ ಆಗುತ್ತದೆ. ಚೇಂಬರಿನ ಸುತ್ತಳತೆ ಒಂದೂವರೆ ಮೀಟರ್ ಎಂದಿಟ್ಟುಕೊಂಡರೂ ಬೇಕಾದದ್ದು ಸುಮಾರು 11 ಮಿಲಿಲೀಟರ್, ಎರಡು ಚಹಾ ಚಮಚ. ದೊಡ್ಡ ಟ್ಯೂಬ್ ಪೂರ್ತಿ ಖಾಲಿ ಮಾಡಿದವರು ಉಳಿದದ್ದನ್ನು ಎಂಜಿನ್ನಿನ ಒಳಗೆ ಹಾಕಿದ್ದಾರೆ ಎಂದೇ ತಿಳಿಯಿರಿ. ಹೊರಗೆ ಉಬ್ಬಿ ಬಂದದ್ದು ಕಾಣುತ್ತದೆ. ಅಷ್ಟೇ ಒಳಗೂ ಉಬ್ಬಿರುತ್ತದೆ, ಅದೇ ಮುಂದೆ ಸ್ಟ್ರೈನರಿನ ಹುಳು.

ಎಳೆ ಎಲ್ಲೂ ಕಡಿಯದಂತೆ, ಬೋಲ್ಟ್ ತೂತಿನ ಒಳಬದಿಯಲ್ಲಿ ಹಾಯಿಸಿ, ಪ್ರತಿ ತೂತಿನ ಸುತ್ತ ಒಂದು ಉಂಗುರ ಕೊಡಿ. ಇನ್ನು ಆ ಎಳೆ ಒರೆಸಿಹೋಗದಂತೆ ಚೇಂಬರನ್ನು ನೇರವಾಗಿ ಮೇಲೇರಿಸುವುದು ಹೇಗೆ? ಅದೇ ಅಳತೆಯ ಉದ್ದನೆಯ ನಾಲ್ಕು ಬೋಲ್ಟ್ ತಂದು ತಲೆ ಕೊಯ್ದು, ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀಟು ಹಾಕಿ, ಬ್ಲಾಕಿನ ನಾಲ್ಕು ಮೂಲೆಗೆ ಕೈಯಲ್ಲಿ ತಿರುಗಿಸಿ ಕೂರಿಸಿ. ಚೇಂಬರ್ ಈ ಗೂಟಗಳ ಮೇಲೆ ಜಾರಿಕೊಂಡು ಸರಿಯಾದ ಜಾಗಕ್ಕೇ ಏರುತ್ತದೆ. ಉಳಿದ ಬೋಲ್ಟ್ ಹಿಡಿಸಿದ ಮೇಲೆ ಗೂಟ ತೆಗೆದು ಅಲ್ಲಿಯೂ ಬೋಲ್ಟ್ ಹಾಕಿ. ಅಂಗಾತ ಮಲಗಿ ಒಬ್ಬರೇ ಮಾಡುವವರಿಗೆ ಈ ಉಪಾಯ ಇಲ್ಲದಿದ್ದರೆ ಸಿಲಿಕೋನ್ ಅರ್ಧ ಮುಖಕ್ಕೇ ಹತ್ತುತ್ತದೆ. ಎಳೆ ಹಾಕಿ ಹತ್ತು ನಿಮಿಷದೊಳಗೆ ಚೇಂಬರ್ ಮೇಲೇರಿರಬೇಕು, ಮೇಲ್ಮೈ ಚರ್ಮಗಟ್ಟಿದ ಮೇಲೆ ಅದು ಬ್ಲಾಕಿಗೆ ಸರಿಯಾಗಿ ಅಂಟುವುದಿಲ್ಲ.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಮೂರು ಸುತ್ತಿನಲ್ಲಿ. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನ ಅಂಕಿ ಸಿಕ್ಕರೆ ಅದೇ ಅಂತಿಮ. ಸಿಗದಿದ್ದರೆ 13 ನಂಬರ್ ಸ್ಪ್ಯಾನರಿನ ಎಂ8 ಬೋಲ್ಟಿಗೆ, ಕಾರ್ಕ್ ಪ್ಯಾಕಿಂಗ್ ಇದ್ದಲ್ಲಿ 10ರಿಂದ 12 ನ್ಯೂಟನ್ ಮೀಟರ್, ಬರೀ ಸಿಲಿಕೋನ್ ಇದ್ದಲ್ಲಿ 18ರಿಂದ 22. 10 ನಂಬರಿನ ಎಂ6 ಬೋಲ್ಟಾದರೆ 8ರಿಂದ 10ಕ್ಕೆ ನಿಲ್ಲಿಸಿ. ರೆಂಚಿನಲ್ಲಿ ಕಿಲೋಗ್ರಾಂ-ಮೀಟರ್ (kgf-m) ಅಳತೆ ಇದ್ದರೆ 10 ನ್ಯೂಟನ್ ಮೀಟರ್ ಎಂದರೆ ಸುಮಾರು 1 ಕಿಲೋಗ್ರಾಂ-ಮೀಟರ್. ಟಾರ್ಕ್ ರೆಂಚ್ ಇಲ್ಲದವರು ಉದ್ದನೆಯ ರ‍್ಯಾಚೆಟ್ ಬಿಟ್ಟು ಚಿಕ್ಕ ರಿಂಗ್ ಸ್ಪ್ಯಾನರನ್ನು ನಡುವೆ ಹಿಡಿದು ಬಿಗಿಯಲಿ. ಸೋರಬಾರದೆಂದು ಜೀವ ಹಾಕಿ ಬಿಗಿದರೆ ತೂತಿನ ಸುತ್ತಲಿನ ತಗಡು ಗುಳಿಬಿದ್ದು ಎರಡು ಬೋಲ್ಟ್‌ಗಳ ನಡುವೆ ಸಂದು ತೆರೆಯುತ್ತದೆ. ಹೆಚ್ಚು ಬಿಗಿದಷ್ಟೂ ಹೆಚ್ಚು ಸೋರುವ ಜಾಗ ಇದು.

ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ತಾಮ್ರದ ವಾಷರ್. ಹಳೆಯದೇ ಗತಿ ಎಂದಾದರೆ ಕೆಂಪಗೆ ಕಾಯಿಸಿ ತಣಿಸಿ, ತಾಮ್ರ ಮತ್ತೆ ಮೆತ್ತಗಾಗುತ್ತದೆ. ನಿಮ್ಮ ಹಳೆ ಬೋಲ್ಟನ್ನು ಹೊಸ ಚೇಂಬರಿಗೆ ಹಾಕಬೇಡಿ, ಸವೆದ ತ್ರೆಡ್ ಹೊಸದನ್ನೂ ಕೆಡಿಸುತ್ತದೆ.

ಆಯಿಲ್ ಹಾಕಿ ಸ್ಟಾರ್ಟ್ ಮಾಡುವುದು

ಆರ್‌ಟಿವಿ ಸಿಲಿಕೋನ್ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು, 24 ಗಂಟೆಗೆ 2ರಿಂದ 3 ಮಿಲಿಮೀಟರ್. ಮಲೆನಾಡಿನ ತೇವದ ಹವೆ ಇಲ್ಲಿ ಅನುಕೂಲವೇ, ಬೇಸಿಗೆಯ ಬಯಲುಸೀಮೆಯಲ್ಲಿ ತಡವಾಗುತ್ತದೆ. ಒಂದು ರಾತ್ರಿ ಕಳೆಯದೆ ಆಯಿಲ್ ಹಾಕಬೇಡಿ. ಈ ನಡುವೆ ಎಂಜಿನ್ ಇಳಿಸಿ, ಫೌಂಡೇಶನ್ ಬಿಗಿದು, ಕೌಲ್, ಸೈಲೆನ್ಸರ್ ಜೋಡಿಸಿ ಮುಗಿಸಬಹುದು.

ಮೊದಲು 5 ಲೀಟರ್ ಹಾಕಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಆಮೇಲೆ ಕಾಲು ಲೀಟರಿನಂತೆ ಏರಿಸಿ. ಫಿಲ್ಟರ್ ನೆಟ್ಟಗೆ ಕೂರುವ ಜಾಗದಲ್ಲಿದ್ದರೆ ಅದಕ್ಕೂ ಅರ್ಧ ಆಯಿಲ್ ತುಂಬಿ ಹಾಕಿ. ಟರ್ಬೊ ಇರುವುದರಿಂದ ಒಣ ಸ್ಟಾರ್ಟ್ ಬೇಡ. ಸ್ಟಾಪ್ ಲಿವರ್ ಎಳೆದು ಹಿಡಿದು, ಅಥವಾ ಡೀಸೆಲ್ ಬಿಡುವ ಸೊಲೆನಾಯ್ಡಿನ ವೈರ್ ಕಳಚಿ, ಎಂಜಿನ್ ಹತ್ತಿಕೊಳ್ಳದಂತೆ ಮಾಡಿ, ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ. ನಡುವೆ ಅರ್ಧ ನಿಮಿಷ ಸ್ಟಾರ್ಟರಿಗೆ ವಿಶ್ರಾಂತಿ. ಆಯಿಲ್ ದೀಪ ಆರಿದ ಮೇಲೆ ನಿಜವಾದ ಸ್ಟಾರ್ಟ್, ಎರಡು ನಿಮಿಷ ಐಡ್ಲಿಂಗ್, ಆಕ್ಸಿಲರೇಟರ್ ಮುಟ್ಟಬೇಡಿ. ನಿಲ್ಲಿಸಿ ಮತ್ತೆ ಅಳೆದಾಗ ಫಿಲ್ಟರ್ ಕುಡಿದಷ್ಟು ಮಟ್ಟ ಇಳಿದಿರುತ್ತದೆ, ಗರಿಷ್ಠ ಗೆರೆಯವರೆಗೆ ತುಂಬಿ. ಗೆರೆ ದಾಟಿಸಬೇಡಿ. ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆಯಾಗುತ್ತದೆ, ಹೆಚ್ಚಾದದ್ದು ಬ್ರೀದರಿನಿಂದ ಇನ್‌ಟೇಕಿಗೆ ಹೋದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ಹಿಡಿತ ತಪ್ಪಿ ಓಡಬಹುದು.

ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ನೋಡಬಲ್ಲ ಗ್ಯಾರೇಜ್ ಇದ್ದರೆ ಒಮ್ಮೆ ಹಾಕಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಸುಮಾರು 1 ಬಾರ್, 2000ದಿಂದ 2500 ಆರ್‌ಪಿಎಂನಲ್ಲಿ 3 ಬಾರ್ ಆಸುಪಾಸು ಇದ್ದರೆ ಇಂಥ ಹಳೆ ಎಂಜಿನ್ನಿಗೆ ನೆಮ್ಮದಿಯ ಅಂಕಿ. ವೇಗ ಏರಿಸಿದಾಗ ಒತ್ತಡ ಏರುವ ಬದಲು ಕುಸಿದರೆ ಸ್ಟ್ರೈನರ್ ಕಡೆ ಇನ್ನೂ ಏನೋ ತಡೆ ಇದೆ ಅಥವಾ ಗಾಳಿ ಎಳೆಯುತ್ತಿದೆ.

100 ಕಿಲೋಮೀಟರ್ ಆದ ಮೇಲೆ ಕೆಳಗೆ ಕಾಗದ ಹಾಸಿ ಒಂದು ರಾತ್ರಿ ನೋಡಿ. ಕಾರ್ಕ್ ಪ್ಯಾಕಿಂಗ್ ಆದರೆ ಎಂಜಿನ್ ತಣ್ಣಗಿರುವಾಗ ಅದೇ ಟಾರ್ಕಿಗೆ ಒಂದು ಸುತ್ತು ಬಿಗಿದು ನೋಡಬಹುದು. ಸಿಲಿಕೋನ್ ಆದರೆ ಬೋಲ್ಟ್ ಮುಟ್ಟಬೇಡಿ, ಗಟ್ಟಿಯಾದ ಪದರವನ್ನು ಮತ್ತೆ ಹಿಂಡಿದರೆ ಹರಿಯುತ್ತದೆ.

ಇಳಿಸಿದ ಹಳೆ ಆಯಿಲನ್ನು ಬೇಲಿಗೂಟ, ಜಂತಿಗಳಿಗೆ ಗೆದ್ದಲು ಬಾರದಂತೆ ಬಳಿಯುವ ರೂಢಿ ನಿಮ್ಮ ಕಡೆ ಇದೆ. ಸುಟ್ಟ ಆಯಿಲಿನಲ್ಲಿ ಲೋಹದ ಅಂಶವೂ ಇನ್ನಿತರ ವಿಷವೂ ಇರುತ್ತದೆ. ಬಾವಿ, ಹಳ್ಳದ ಹತ್ತಿರ ಮಾಡಬೇಡಿ, ಸರ್ವಿಸ್ ಸ್ಟೇಷನ್ನಿನ ಡ್ರಮ್ಮಿಗೆ ಕೊಟ್ಟುಬಿಡಿ.

ರಸ್ತೆ ಅದೇ, ಕಲ್ಲೂ ಅಲ್ಲೇ ಇರುವುದರಿಂದ ಒಂದು ತಳಗಾಪು ಮಾಡಿಸಿ. 3 ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆ ಸಾಕು, ಮುಂದಿನ ತುದಿ ಮೇಲಕ್ಕೆ ಬಾಗಿರಲಿ. ಬೋಲ್ಟ್ ಹಾಕುವುದು ಚಾಸಿಗೆ ಮತ್ತು ಕ್ರಾಸ್ ಮೆಂಬರಿಗೆ, ಎಂಜಿನ್ನಿಗಲ್ಲ. ಚೇಂಬರಿಗೂ ಹಾಳೆಗೂ ನಡುವೆ ಕನಿಷ್ಠ 25 ಮಿಲಿಮೀಟರ್ ಜಾಗ ಬಿಡಿ, ಇಲ್ಲವಾದರೆ ಹಾಳೆಗೆ ಬಿದ್ದ ಏಟು ನೇರ ಚೇಂಬರಿಗೇ. ಆಕ್ಸಲ್ ಪೂರ್ತಿ ಮೇಲೆ ಬಂದಾಗಲೂ ಹಾಳೆಗೆ ತಗುಲಬಾರದು, ಲೋಡ್ ಹಾಕಿ ಒಮ್ಮೆ ನೋಡಿ. ಡ್ರೈನ್ ಬೋಲ್ಟಿನ ಕೆಳಗೆ ಸಾಕೆಟ್ ಹೋಗುವಷ್ಟು ದೊಡ್ಡ ತೂತು, ಗಾಳಿಗೂ ನೀರಿಗೂ ನಾಲ್ಕೈದು ಸೀಳು ಇಡಿಸಿ. ಮಳೆಗಾಲದಲ್ಲಿ ಹಾಳೆಯ ಮೇಲೆ ಕೆಸರು, ಅಡಿಕೆ ಸಿಪ್ಪೆ ಕೂತು ಚೇಂಬರಿನ ತಳವನ್ನು ಸದಾ ಒದ್ದೆ ಇಟ್ಟರೆ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಗಾಡಿ ತೊಳೆಯುವಾಗ ಪೈಪಿನ ನೀರನ್ನು ಆ ಸೀಳುಗಳ ಮೂಲಕ ಮೇಲಕ್ಕೂ ಬಿಡಿ.